ಮೋವಾಬ್: ಮೆಲ್ಲಗೆ ಹೋದವರಿಗೆ ಒಲಿಯುವ ಬಂಡೆಗಳ ಊರು

ಅಮೆರಿಕದ ಯೂಟಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಕೊಲರಾಡೊ ನದಿಯ ದಂಡೆಯ ಬಳಿ ಮೋವಾಬ್ ಎಂಬ ಪುಟ್ಟ ಊರಿದೆ. ಬೈಬಲ್ಲಿನಲ್ಲಿ ಬರುವ ನಾಡೊಂದರ ಹೆಸರನ್ನು ಇಟ್ಟುಕೊಂಡ ಊರು. ಜನಸಂಖ್ಯೆ ಐದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ರಾಜಧಾನಿ ಸಾಲ್ಟ್ ಲೇಕ್ ಸಿಟಿಯಿಂದ ಸುಮಾರು 375 ಕಿ.ಮೀ. ದೂರ. ಎತ್ತ ತಿರುಗಿದರೂ ಕೆಂಪು ಕಲ್ಲಿನ ಗೋಡೆ. ಆ ಗೋಡೆಗಳಾಚೆ ಲಾ ಸಾಲ್ ಪರ್ವತದ ಹಿಮ. ಅಲ್ಲಿನ ಅತಿ ಎತ್ತರದ ಶಿಖರ 3,877 ಮೀಟರ್. ಮರಳುಗಾಡಿನ ಬಿಸಿಲಲ್ಲಿ ನಿಂತು ಹಿಮದ ಶಿಖರ ನೋಡುವ ಈ ವಿಚಿತ್ರ ಏಪ್ರಿಲ್ ತಿಂಗಳಲ್ಲೂ ತಪ್ಪುವುದಿಲ್ಲ.

ಊರಿನ ಉತ್ತರಕ್ಕೆ ಆರ್ಚಸ್ ರಾಷ್ಟ್ರೀಯ ಉದ್ಯಾನ. ಗಾಳಿ, ಮಳೆ, ಹಿಮ ಸೇರಿ ಕೊರೆದ ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳು ಅಲ್ಲಿವೆ. ನೈಋತ್ಯಕ್ಕೆ 1964ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕ್ಯಾನ್ಯನ್‌ಲ್ಯಾಂಡ್ಸ್. ಪ್ರವಾಸಿಗಳಲ್ಲಿ ಹೆಚ್ಚಿನವರು ಬರುವುದು ಇವೆರಡನ್ನು ನೋಡಲು. ಆದರೆ ಊರಿನ ಮುಖ್ಯ ಬೀದಿಯಲ್ಲಿ ಹತ್ತು ನಿಮಿಷ ನಿಂತರೆ ಇನ್ನೊಂದು ಬಗೆಯ ಯಾತ್ರಿಕರೂ ಕಣ್ಣಿಗೆ ಬೀಳುತ್ತಾರೆ. ಅವರ ವಾಹನಗಳು ಓಡಿಸುವವರಿಗಿಂತ ಹಳೆಯವು. ಬಣ್ಣ ಮಾಸಿದ ಜೀಪು, ಡೊಂಕಾದ ಬಂಪರಿನ ಪಿಕಪ್, ಮೈತುಂಬ ಕೆಂಪು ಧೂಳು. ಚಕ್ರಗಳು ಮಾತ್ರ ನಮ್ಮ ಟ್ರ್ಯಾಕ್ಟರಿನದನ್ನು ನೆನಪಿಸುವಷ್ಟು ದಪ್ಪ.

ಯುರೇನಿಯಂ ಕಡಿದ ದಾರಿ

ಮೋವಾಬಿನ ಸುತ್ತಲಿನ ಜೀಪ್ ಹಾದಿಗಳಲ್ಲಿ ಬಹಳಷ್ಟು ವಿನೋದಕ್ಕಾಗಿ ಹುಟ್ಟಿದವಲ್ಲ. 1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿ ಇಲ್ಲಿಗೆ ಆಗ್ನೇಯದಲ್ಲಿರುವ ಲಿಸ್ಬನ್ ಕಣಿವೆಯಲ್ಲಿ ಸಮೃದ್ಧ ಯುರೇನಿಯಂ ಅದಿರನ್ನು ಪತ್ತೆ ಮಾಡಿದ. ಕೈಯಲ್ಲಿ ಕಾಸಿಲ್ಲದೆ ಅಲೆಯುತ್ತಿದ್ದವನು ರಾತ್ರಿ ಬೆಳಗಾಗುವುದರಲ್ಲಿ ಕುಬೇರನಾದ. ತನ್ನ ಗಣಿಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ನನ್ನ ಬದುಕು' ಎಂಬ ಅರ್ಥದ ಹೆಸರಿಟ್ಟ. ಅಣುಬಾಂಬಿನ ಪೈಪೋಟಿಯ ಕಾಲ ಅದು. ಯುದ್ಧದಲ್ಲಿ ದುಡಿದು ಬಂದ ಜೀಪುಗಳನ್ನು ಕೊಂಡು ಸಾವಿರಾರು ಮಂದಿ ಗುಡ್ಡ ಹತ್ತಿದರು. ಕುರಿ, ದನ ಹೊಡೆಯುತ್ತಿದ್ದ ಕಾಲುದಾರಿಗಳು ಅಗಲವಾಗಿ ಅದಿರಿನ ಲಾರಿಗಳು ಓಡಾಡಿದವು.

ಅದಿರಿನ ಭರಾಟೆ ಇಳಿಯಿತು, ದಾರಿಗಳು ಉಳಿದವು. ಊರಿನ ವಾಣಿಜ್ಯ ಮಂಡಳಿ 1967ರಲ್ಲಿ ಈಸ್ಟರ್ ಹಬ್ಬದ ಹೊತ್ತಿಗೆ ಒಂದು ದಿನದ ಜೀಪ್ ಸವಾರಿ ಏರ್ಪಡಿಸಿತು. ಅದೇ ಇಂದು ಒಂಬತ್ತು ದಿನಗಳ ಈಸ್ಟರ್ ಜೀಪ್ ಸಫಾರಿಯಾಗಿ ಬೆಳೆದಿದೆ. ಯುರೇನಿಯಂ ಬಿಟ್ಟುಹೋದ ಇನ್ನೊಂದು ಆಸ್ತಿ ಅಷ್ಟು ಸಂತೋಷದ್ದಲ್ಲ. ನದಿಯ ದಂಡೆಯಲ್ಲೇ ಗುಡ್ಡೆ ಬಿದ್ದಿದ್ದ ಸುಮಾರು 1.6 ಕೋಟಿ ಟನ್ ವಿಕಿರಣಯುಕ್ತ ಗಣಿ ತ್ಯಾಜ್ಯವನ್ನು ದೂರದ ಕ್ರೆಸೆಂಟ್ ಜಂಕ್ಷನ್‌ಗೆ ಸಾಗಿಸುವ ಕೆಲಸ 2009ರಲ್ಲಿ ಆರಂಭವಾಯಿತು. ಇಲ್ಲಿನ ಶಾಲಾ ಮಕ್ಕಳಿಗೆ ಇದು ಪುಸ್ತಕದ ಪಾಠವಲ್ಲ, ಊರಿನ ಹೊರವಲಯದಲ್ಲಿ ಕಣ್ಣಾರೆ ಕಂಡ ಪಾಠ.

ಜಾರದ ಜಾರುಬಂಡೆ

ಇಲ್ಲಿನ ಬಂಡೆಗೆ 'ಸ್ಲಿಕ್‌ರಾಕ್' ಎಂದು ಹೆಸರು, ಎಂದರೆ ಜಾರುವ ಕಲ್ಲು. ಹಿಂದಿನವರ ಕುದುರೆಗಳ ಕಬ್ಬಿಣದ ಲಾಳ ಇದರ ಮೇಲೆ ಜಾರುತ್ತಿದ್ದುದರಿಂದ ಬಂದ ಹೆಸರು. ರಬ್ಬರಿನ ಚಕ್ರಕ್ಕೆ ಇದು ಜಾರುವುದೇ ಇಲ್ಲ. ಉಪ್ಪುಕಾಗದ ಹಿಡಿದಂತೆ ಹಿಡಿಯುತ್ತದೆ. ಕಾರಣ ಕಲ್ಲಿನ ಹುಟ್ಟಿನಲ್ಲಿದೆ. ಸುಮಾರು 19 ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಮಹಾ ಮರಳುಗಾಡು ಇತ್ತು. ಆ ಮರಳಿನ ದಿಬ್ಬಗಳೇ ಹೂತು, ಗಟ್ಟಿಯಾಗಿ ನವಾಹೊ ಮರಳುಗಲ್ಲಾದವು. ಬಂಡೆಯ ಪಕ್ಕೆಯಲ್ಲಿ ಓರೆಯಾಗಿ ಹಾಯ್ದ ಗೆರೆಗಳು ಅಂದಿನ ಗಾಳಿ ಮರಳನ್ನು ಪದರ ಪದರವಾಗಿ ಒಟ್ಟಿದ ಗುರುತುಗಳು.

ಊರಿಗೆ ಅಂಟಿಕೊಂಡಂತಿರುವ ಸ್ಯಾಂಡ್ ಫ್ಲಾಟ್ಸ್ ಪ್ರದೇಶದಲ್ಲಿ 'ಹೆಲ್ಸ್ ರಿವೆಂಜ್' ಎಂಬ ಹಾದಿಯಿದೆ. ಹೆಸರಿಗೆ ಹಾದಿ, ನಿಜಕ್ಕೂ ಬೋಳು ಬಂಡೆಯ ಬೆನ್ನು. ಎಷ್ಟೋ ಕಡೆ ಮೀನಿನ ಈಜುರೆಕ್ಕೆಯಂತೆ ಕಿರಿದಾಗಿ ಎದ್ದ ಬಂಡೆಯ ನೆತ್ತಿಯ ಮೇಲೆಯೇ ವಾಹನ ಹೋಗಬೇಕು. ಏರುವಾಗ ಮುಂದಿನ ಗಾಜಿನಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣದು. ದಾರಿ ಯಾವುದೆಂದು ಹೇಳುವುದು ಹಿಂದೆ ಹೋದವರ ಚಕ್ರಗಳು ಬಿಟ್ಟ ಕಪ್ಪು ಕಲೆ ಮಾತ್ರ.

ಕೀಲಿ ಕಿತ್ತುಕೊಂಡ ತಾಯಿ

ನಾವು ಉಳಿದುಕೊಂಡಿದ್ದ ಮನೆಯ ಅಂಗಳದಲ್ಲಿ 1985ರ ಟೊಯೊಟಾ ಪಿಕಪ್ ಒಂದು ನಿಂತಿತ್ತು. ತಂದೆ ಬಡಗಿ, ತಾಯಿ ನರ್ಸ್, ಮಗ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದ. ಪಿಕಪ್ ಅವನ ತಾತನದು. ಇಂಥ ವಾಹನಗಳ ಬಲ್ಲವರು 1985ರ ಮಾದರಿಯೆಂದರೆ ಕಿವಿ ನಿಮಿರಿಸುತ್ತಾರೆ. ಅಮೆರಿಕದಲ್ಲಿ 1979ರಿಂದ ಮಾರಾಟವಾದ ಟೊಯೊಟಾ ಫೋರ್‌ವೀಲ್ ಪಿಕಪ್‌ಗಳಲ್ಲಿ, ಎತ್ತಿನಗಾಡಿಯ ಇರುಸಿನಂತೆ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ಮುಂದಿನ ಆಕ್ಸಲ್ ಇದ್ದದ್ದು ಆ ವರ್ಷದವರೆಗೆ ಮಾತ್ರ. 1986ರಿಂದ ಮುಂದಿನ ಚಕ್ರಗಳು ಒಂದೊಂದೂ ತನ್ನಷ್ಟಕ್ಕೆ ಕುಣಿಯುವ ಏರ್ಪಾಡು ಬಂತು. ಅದು ರಸ್ತೆಯಲ್ಲಿ ಸುಖ. ಬಂಡೆಯ ಮೇಲೆ ಹಳೆಯ ಗಟ್ಟಿ ಆಕ್ಸಲ್ಲೇ ಬೇಕು ಎನ್ನುವವರು ಈಗಲೂ ಬಹಳ.

ಮಗ ಮಾಡಿದ ಮೊದಲ ಕೆಲಸವೆಂದರೆ 28 ಇಂಚಿನ ಹಳೆಯ ಚಕ್ರ ತೆಗೆದು 33 ಇಂಚಿನದು ಹಾಕಿದ್ದು. ನೋಟ ಬದಲಾಯಿತು, ನೆಲದಿಂದ ಎತ್ತರವೂ ಹೆಚ್ಚಿತು. ಆದರೆ ಪಿಕಪ್ ಏರಿನಲ್ಲಿ ಏದುಸಿರು ಬಿಡತೊಡಗಿತು. ಇಳಿಜಾರಿನಲ್ಲಿ ಎಂಜಿನ್ ಹಿಡಿತ ಸಾಲದೆ ಓಡತೊಡಗಿತು. ಒಂದು ಸಂಜೆ ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ತುಳಿದ ಬ್ರೇಕ್ ಕಾದು, ಪೆಡಲ್ ಕಾಲಿಗೆ ಮೆತ್ತಗೆ ಸಿಕ್ಕಿತಂತೆ. ಹೇಗೋ ಬಂಡೆಗೊರಗಿಸಿ ನಿಲ್ಲಿಸಿದ. ಗಾಯವಾಗಲಿಲ್ಲ. ಆದರೆ ಅಪಘಾತದಲ್ಲಿ ನಜ್ಜುಗುಜ್ಜಾದವರನ್ನು ದಿನವೂ ನೋಡುವ ತಾಯಿ ಅಂದೇ ಕೀಲಿಯನ್ನು ತನ್ನ ಬಳಿ ಇಟ್ಟುಕೊಂಡಳು. "ಈ ಗಾಡಿ ಬ್ರೇಕ್ ಮುಟ್ಟದೆ ನಿಧಾನ ಇಳಿಯುತ್ತದೆ ಎಂದು ನನಗೆ ಕಾಗದದ ಮೇಲೆ ತೋರಿಸು, ಆಮೇಲೆ ಗುಡ್ಡದ ಮೇಲೆ ತೋರಿಸು. ಅಲ್ಲಿಯವರೆಗೆ ಬಸ್ಸಿನಲ್ಲಿ ಶಾಲೆಗೆ ಹೋಗು" ಎಂದಳು.

ಹಲ್ಲಿನ ಲೆಕ್ಕ

ಕಾಗದದ ಲೆಕ್ಕವನ್ನು ಹುಡುಗ ನಮಗೂ ತೋರಿಸಿದ. ಹೈಸ್ಕೂಲಿನ ಗುಣಾಕಾರ, ಭಾಗಾಕಾರ ಬಲ್ಲ ಯಾರಿಗಾದರೂ ತಿಳಿಯುವಂಥದು.

ಗೇರ್ ಸೈಕಲ್ ತುಳಿದವರಿಗೆ ಇದರ ಮೂಲತತ್ತ್ವ ಗೊತ್ತು. ಏರು ಬಂದಾಗ ಹಿಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ ಚೈನು ಬದಲಿಸುತ್ತೇವೆ. ಕಾಲು ಹೆಚ್ಚು ಸುತ್ತು ತುಳಿಯುತ್ತದೆ, ಸೈಕಲ್ ಕಡಿಮೆ ದೂರ ಹೋಗುತ್ತದೆ, ಆದರೆ ತುಳಿತ ಹಗುರ. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರ ಇದು. ಎಂಜಿನ್ನಿನ ಶಕ್ತಿ ಇದರಿಂದ ಒಂದಿಷ್ಟೂ ಹೆಚ್ಚುವುದಿಲ್ಲ; ಇದ್ದ ಶಕ್ತಿಯನ್ನೇ ಬೇರೆ ರೀತಿ ಖರ್ಚು ಮಾಡುತ್ತೇವೆ ಅಷ್ಟೆ.

ಪಿಕಪ್ಪಿನಲ್ಲಿ ಈ ವ್ಯಾಪಾರ ಮೂರು ಕಡೆ ನಡೆಯುತ್ತದೆ. ಮೊದಲು ಗೇರ್‌ಬಾಕ್ಸ್. ಈ ಮಾದರಿಯಲ್ಲಿ ಒಂದನೇ ಗೇರಿನ ಅನುಪಾತ ಸುಮಾರು 3.95. ಎರಡನೆಯದು ಟ್ರಾನ್ಸ್‌ಫರ್ ಕೇಸ್. ಅದನ್ನು 'ಲೋ'ಗೆ ಹಾಕಿದರೆ 2.28. ಕೊನೆಯದು ಆಕ್ಸಲ್ ನಡುವಿನ ಗುಂಡು ಡಬ್ಬಿಯೊಳಗಿರುವ, ನಮ್ಮ ಮೆಕ್ಯಾನಿಕ್‌ಗಳು 'ಕ್ರೌನ್ ಪಿನಿಯನ್' ಎನ್ನುವ ಜೋಡಿ. ಹಳೆಯ ಆಕ್ಸಲ್ಲಿನಲ್ಲಿ ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 10. ಭಾಗಿಸಿದರೆ 4.10. ಎಂದರೆ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಮೂರನ್ನೂ ಗುಣಿಸಿದರೆ ಸುಮಾರು 37. ಎಂಜಿನ್ 37 ಸುತ್ತು ತಿರುಗಿದಾಗ ಚಕ್ರದ್ದು ಒಂದೇ ಸುತ್ತು.

ಚಕ್ರ ದೊಡ್ಡದಾದರೆ ಆ ಒಂದು ಸುತ್ತಿನಲ್ಲಿ ಗಾಡಿ ಹೆಚ್ಚು ದೂರ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ಮನೆ ಓಡುತ್ತಿದ್ದರೆ ಹಳೆಯ ಚಕ್ರದಲ್ಲಿ ಪಿಕಪ್ ಗಂಟೆಗೆ 2.9 ಕಿ.ಮೀ. ವೇಗದಲ್ಲಿ ತೆವಳುತ್ತಿತ್ತು. 33 ಇಂಚಿನ ಚಕ್ರ ಹಾಕಿದ ಮೇಲೆ ಅದು 3.4 ಆಯಿತು. ಇಷ್ಟೇ ತಾನೆ ಎನ್ನಬೇಡಿ. ತಳ್ಳುವ ಬಲ ಅಷ್ಟೇ ಪಾಲು ಇಳಿಯಿತು, ಇಳಿಜಾರಿನಲ್ಲಿ ಎಂಜಿನ್ ತಡೆಯುವ ಬಲವೂ ಇಳಿಯಿತು. ಉದ್ದನೆಯ ಹಾರೆಯ ತುದಿ ಹಿಡಿದಂತೆ, ದೊಡ್ಡ ಚಕ್ರವನ್ನು ತಡೆಯಲು ಬ್ರೇಕಿಗೂ ಹೆಚ್ಚು ಕಷ್ಟ. ಹುಡುಗನ ಆ ಸಂಜೆಯ ಕಥೆಗೆ ಕಾರಣ ಇದೇ.

ಪರಿಹಾರ ಕ್ರೌನ್ ಪಿನಿಯನ್ನಿನಲ್ಲಿತ್ತು. 37 ಹಲ್ಲಿನ ಕ್ರೌನ್, 7 ಹಲ್ಲಿನ ಪಿನಿಯನ್ ಹಾಕಿದರೆ ಅನುಪಾತ 5.29. ಅಂಕಿ ದೊಡ್ಡದಾದರೂ ಇದನ್ನು 'ಕೆಳಗಿನ ಗೇರ್' ಎನ್ನುತ್ತಾರೆ, ಏಕೆಂದರೆ ವೇಗ ಕೆಳಗಿಳಿಯುತ್ತದೆ. ಈಗ ಮೂರರ ಗುಣಲಬ್ಧ ಸುಮಾರು 47.6. ದೊಡ್ಡ ಚಕ್ರದಲ್ಲೂ ತೆವಳುವ ವೇಗ ಗಂಟೆಗೆ 2.65 ಕಿ.ಮೀ.; ಮುದುಕರ ವಾಯುವಿಹಾರಕ್ಕಿಂತ ನಿಧಾನ!

37, 7 ಎಂಬ ಅಂಕಿಗಳಲ್ಲೂ ಒಂದು ಜಾಣತನವಿದೆ. ಇವೆರಡಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ 37 ಹಲ್ಲುಗಳನ್ನೂ ಸರದಿಯಲ್ಲಿ ಭೇಟಿಯಾಗಿ ಬಂದ ಮೇಲೆಯೇ ಮೊದಲಿನ ಹಲ್ಲನ್ನು ಮತ್ತೆ ಮುಟ್ಟುವುದು. ಸವೆತ ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಲ.ಸಾ.ಅ. ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇಲ್ಲೊಂದು ಉತ್ತರವಿದೆ.

ಇರುಸು ಬದಲಿಸಿದ್ದು

ಹೊಸ ಕ್ರೌನ್ ಪಿನಿಯನ್ ಕೊಂಡು ಕೂರಿಸಬಹುದಿತ್ತು. ಆದರೆ ಅದು ಕೈಪಳಗಿದವರ ಕೆಲಸ. ಎರಡು ಹಲ್ಲುಗಳ ನಡುವಿನ ಸಡಿಲ ಸುಮಾರು 0.15 ಮಿಲಿಮೀಟರ್ ಇರಬೇಕು. ಹೆಚ್ಚಾದರೆ ಬಡಿತ, ಕಡಿಮೆಯಾದರೆ ಕಾದು ಸವೆತ. ಹಲ್ಲಿಗೆ ಬಣ್ಣ ಸವರಿ, ತಿರುಗಿಸಿ, ಎಲ್ಲಿ ಗುರುತು ಬಿತ್ತೆಂದು ನೋಡಿ, ತೆಳು ತಗಡು ಸೇರಿಸಿ ತೆಗೆದು ಮತ್ತೆ ನೋಡಬೇಕು. ಇದಕ್ಕಿಂತ ಸುಲಭದ ದಾರಿ ತಂದೆಗೆ ಹೊಳೆಯಿತು. ಅದೇ ಮಾದರಿಯ ಇನ್ನೊಂದು ಪಿಕಪ್ ಮಗುಚಿ ಬಿದ್ದು ಗುಜರಿ ಸೇರಿತ್ತು. ಅದರ ಒಡೆಯ ಮೊದಲೇ 5.29ರ ಗೇರ್ ಹಾಕಿಸಿದ್ದ. ಮುಂದಿನದು, ಹಿಂದಿನದು ಎರಡೂ ಆಕ್ಸಲ್‌ಗಳನ್ನು ಇಡಿಯಾಗಿಯೇ ಕೊಂಡರು.

ಕೊಳ್ಳುವ ಮುನ್ನ ಹುಡುಗ ಮಾಡಿದ ಪರೀಕ್ಷೆ ಚೆನ್ನಾಗಿದೆ. ಚಕ್ರ ಕೂರುವ ಜಾಗಕ್ಕೂ ಪಿನಿಯನ್ ತುದಿಗೂ ಸೀಮೆಸುಣ್ಣದ ಗುರುತು ಹಾಕಿದ. ಒಂದು ಬದಿ ಅಲುಗದಂತೆ ಹಿಡಿದು ಇನ್ನೊಂದು ಬದಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದ. ಪಿನಿಯನ್ ಐದೂಕಾಲಿಗಿಂತ ತುಸು ಹೆಚ್ಚು ತಿರುಗಿತು. ಅಲ್ಲಿಗೆ 5.29 ಖಾತ್ರಿ. ಎರಡು ಸುತ್ತು ಏಕೆಂದರೆ, ಒಂದು ಬದಿ ನಿಂತಾಗ ಡಿಫರೆನ್ಷಿಯಲ್ ಇನ್ನೊಂದು ಬದಿಯನ್ನು ಕ್ರೌನಿನ ಎರಡರಷ್ಟು ತಿರುಗಿಸುತ್ತದೆ. ಇದೇ ಪರೀಕ್ಷೆಯನ್ನು ಮುಂದಿನ ಆಕ್ಸಲ್ಲಿಗೂ ಮಾಡಿದ. ಎರಡರ ಅನುಪಾತವೂ ಒಂದೇ ಇರಲೇಬೇಕು. ಇಲ್ಲವಾದರೆ ಫೋರ್‌ವೀಲ್ ಹಾಕಿದಾಗ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಕೇಳುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗಬಹುದು. ಹಿಡಿದು ಬಿಡದ ಈ ಬಂಡೆಯ ಮೇಲೆ ಏನಾದರೊಂದು ಮುರಿಯುವುದೇ ಸೈ. ಜೋಡೆತ್ತಿನ ಹೆಜ್ಜೆ ಹೊಂದದಿದ್ದರೆ ನೊಗಕ್ಕೆ ಪೆಟ್ಟು.

ಫೆಬ್ರವರಿಯ ಚಳಿಯಲ್ಲಿ ಎರಡು ವಾರಾಂತ್ಯ ತಂದೆ ಮಗ ಶೆಡ್ಡಿನಲ್ಲಿ ಕಳೆದರು. ಗಾಡಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದು, ಚಕ್ರ ಕಳಚುವುದು, ಬ್ರೇಕ್ ಪೈಪು ಬಿಚ್ಚುವುದು, ಪ್ರೊಪೆಲ್ಲರ್ ಶಾಫ್ಟ್ ಬಿಡಿಸುವುದು, ಕಮಾನು ಪಟ್ಟಿಗೆ ಆಕ್ಸಲ್ ಬಿಗಿದ ಯು-ಬೋಲ್ಟುಗಳನ್ನು ಸಡಿಲಿಸುವುದು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಬೇಕಾಯಿತು. ಹೊಸದಾಗಿ ಬಂದ ಆಕ್ಸಲ್ಲಿನ ಬೇರಿಂಗ್, ಎಣ್ಣೆ ಸೋರದಂತೆ ತಡೆಯುವ ಸೀಲು, ಬ್ರೇಕು ಎಲ್ಲ ನೋಡಿ, ಬೇಕಾದ್ದನ್ನು ಬದಲಿಸಿ, ಹೊಸ ಗೇರ್ ಎಣ್ಣೆ ತುಂಬಿದರು. ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಪೆಡಲ್ ತುಳಿದವಳು ಮಾತ್ರ ತಾಯಿ. ಅದು ತನ್ನ ಕಾಲಿಗೇ ಗೊತ್ತಾಗಬೇಕು ಎಂಬುದು ಅವಳ ಹಟ.

ಲಾಭವಿದ್ದಲ್ಲಿ ನಷ್ಟವೂ ಉಂಟು. ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಹೋಗಲು ಮೊದಲು ಎಂಜಿನ್ ಸುಮಾರು 2,600 ಸುತ್ತು ತಿರುಗುತ್ತಿತ್ತು, ಈಗ 2,850. ಸದ್ದು ಹೆಚ್ಚು. ವೇಗಮಾಪಕವೂ ಸುಳ್ಳು ಹೇಳತೊಡಗಿತು. ಅದು ಲೆಕ್ಕ ಹಾಕುವುದು ಆಕ್ಸಲ್ಲಿಗಿಂತ ಮೊದಲಿನ ಶಾಫ್ಟ್ ಸುತ್ತಿನಿಂದ. ನಿಜವಾದ 100ನ್ನು ಅದು ಸುಮಾರು 109 ಎಂದು ತೋರಿಸುತ್ತಿತ್ತು. ಅದರ ಪುಟ್ಟ ಗೇರನ್ನೂ ಬದಲಿಸಬೇಕಾಯಿತು. ತಾಯಿ ಇದನ್ನು ಬದಲಿಸುವುದೇನೂ ಬೇಡವಾಗಿತ್ತು ಎಂದು ನಕ್ಕಳು.

ಏರಿದವರೆಲ್ಲ ಇಳಿಯಲೇಬೇಕು

ಗುಡ್ಡದ ಮೇಲಿನ ಪರೀಕ್ಷೆಗೆ ಆಯ್ದದ್ದು ಕ್ಯಾನ್ಯನ್‌ಲ್ಯಾಂಡ್ಸಿನ ಶೇಫರ್ ಹಾದಿ. ಮೂಲನಿವಾಸಿಗಳ ಕಾಲುದಾರಿ, ಆಮೇಲೆ ದನಗಾಹಿಗಳ ದಾರಿ, 1950ರ ದಶಕದಲ್ಲಿ ಯುರೇನಿಯಂ ಲಾರಿಗಳಿಗಾಗಿ ಅಗಲವಾದ ದಾರಿ. ಮೇಲಿನಿಂದ ನೋಡಿದರೆ ಕೆಂಪು ಗೋಡೆಗೆ ಯಾರೋ ದಾರ ಸುತ್ತಿ ಅಂಟಿಸಿದಂತೆ ಕಾಣುತ್ತದೆ. ಸುಮಾರು 450 ಮೀಟರ್ ಇಳಿತ, ತಡೆಗೋಡೆ ಎಂಬುದಿಲ್ಲ. ನಮ್ಮ ಆಗುಂಬೆಯ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಕಿಟಕಿ ಬದಿ ಕುಳಿತು ಎದೆ ಹಿಡಿದುಕೊಂಡವರು, ಅಲ್ಲಿನ ಮರಗಳನ್ನೆಲ್ಲ ಮನಸ್ಸಿನಲ್ಲೇ ಅಳಿಸಿಹಾಕಿದರೆ ಶೇಫರ್ ಕಣ್ಣ ಮುಂದೆ ಬಂದೀತು.

ಹುಡುಗ ಟ್ರಾನ್ಸ್‌ಫರ್ ಕೇಸನ್ನು ಲೋಗೆ ಹಾಕಿ, ಎರಡನೇ ಗೇರಿನಲ್ಲಿ ಇಳಿಯತೊಡಗಿದ. ಪಕ್ಕದಲ್ಲಿ ತಾಯಿ. ನಾವು ತಂದೆಯೊಡನೆ ಹಿಂದಿನ ವಾಹನದಲ್ಲಿದ್ದೆವು. ಗಂಟೆಗೆ ಹತ್ತು ಕಿಲೋಮೀಟರಿನೊಳಗೆ ಪಿಕಪ್ ತಾನಾಗಿ ತನ್ನನ್ನು ತಡೆದುಕೊಂಡು ಇಳಿಯಿತು. ಹಿಂದಿನ ಕೆಂಪು ಬ್ರೇಕ್ ದೀಪಗಳನ್ನೇ ತಂದೆ ಕಣ್ಣು ಕೀಲಿಸಿ ನೋಡುತ್ತಿದ್ದ. ಕಡಿದಾದ ತಿರುವುಗಳಲ್ಲಿ ಮಾತ್ರ ಅವು ಒಮ್ಮೊಮ್ಮೆ ಮಿನುಗಿ ಆರಿದವು. ಕೆಳಗೆ ತಲುಪಿದಾಗ ತಾಯಿ ಇಳಿದು, ಚಕ್ರದ ಹತ್ತಿರ ಅಂಗೈ ಚಾಚಿ ಬಿಸಿ ನೋಡಿದಳು. ಏನೂ ಹೇಳಲಿಲ್ಲ. ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ನೀರು ಕುಡಿಯಲು ಹೋದಳು.

ನಮ್ಮ ಘಟ್ಟಗಳ ಹಳೆಯ ಚಾಲಕರು ಹೇಳುವ ಮಾತೂ ಇದೇ: ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಹಾಕು. ಚಾರ್ಮಾಡಿಯಲ್ಲಾಗಲಿ ಶಿರಾಡಿಯಲ್ಲಾಗಲಿ, ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಎಂಜಿನ್ನಿನ ತಡೆಯನ್ನು ಕಳೆದುಕೊಂಡು ಇಡೀ ಭಾರವನ್ನು ಬ್ರೇಕಿನ ಮೇಲೆ ಹೇರುತ್ತಾರೆ. ಮೊದಲ ಸಲ ಸ್ಕೂಟರ್ ಕೀಲಿ ಕೈಗೆ ಬಂದ ಮಕ್ಕಳಿಗೆ ತಂದೆತಾಯಿ ಹೇಳಿಕೊಡಬೇಕಾದ ಮೊದಲ ಪಾಠಗಳಲ್ಲಿ ಇದೂ ಒಂದು.

ಮಣ್ಣಿಗೂ ಜೀವವಿದೆ

ನಿಧಾನಕ್ಕೆ ಇಲ್ಲಿ ಇನ್ನೊಂದು ಕಾರಣವೂ ಇದೆ. ಬಂಡೆಗಳ ನಡುವಿನ ಮರಳಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಸುಟ್ಟ ರೊಟ್ಟಿಯ ಮೇಲ್ಮೈಯಂಥ ಹೊದಿಕೆ ಕಾಣುತ್ತದೆ. ಅದು ಬರಿ ಮಣ್ಣಲ್ಲ. ನೀಲಿಹಸಿರು ಪಾಚಿ, ಕಲ್ಲುಹೂವು, ಹಾವಸೆ ಮುಂತಾದ ಸೂಕ್ಷ್ಮ ಜೀವಿಗಳು ಸೇರಿ ಹೆಣೆದ ಜೀವಂತ ಚರ್ಮ. ಮರಳು ಹಾರಿಹೋಗದಂತೆ ಹಿಡಿದಿಡುವುದು, ನೀರನ್ನು ಉಳಿಸಿಕೊಳ್ಳುವುದು ಅದೇ. ಒಂದು ಹೆಜ್ಜೆ ಇಟ್ಟರೆ ಪುಡಿಯಾಗುತ್ತದೆ. ಮತ್ತೆ ಬೆಳೆಯಲು ದಶಕಗಳು ಬೇಕು. ವೇಗವಾಗಿ ನುಗ್ಗುವ ಗಾಡಿಯ ಚಕ್ರ ತಿರುಗಿ, ಹಾರಿ, ದಾರಿ ಬಿಟ್ಟು ಹೊರಳುತ್ತದೆ. ಮೆಲ್ಲಗೆ ತೆವಳುವ ಚಕ್ರಕ್ಕೆ ತಾನು ಎಲ್ಲಿ ಊರುತ್ತೇನೆಂಬುದು ಗೊತ್ತಿರುತ್ತದೆ. ಹಾಗೆಂದು ಕೆಳಗಿನ ಗೇರ್ ಇದ್ದ ಮಾತ್ರಕ್ಕೆ ಎಲ್ಲಿ ಬೇಕಾದರೂ ನುಗ್ಗಬಹುದು ಎಂದಲ್ಲ. ಗುರುತಿಸಿದ ಹಾದಿ ಬಿಟ್ಟು ಹೋಗುವುದು ಇಲ್ಲಿ ಅಪರಾಧ.

ಹೋಗುವವರಿಗೆ ಎರಡು ಮಾತು. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಬೇಸಿಗೆಯ ಮಧ್ಯದಲ್ಲಿ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಜೊತೆಗಿರಲಿ. ಕಣಿವೆಯೊಳಗೆ ಮೊಬೈಲು ಬಹಳ ಕಡೆ ಮೂಕ. ಸ್ವಂತ ಗಾಡಿ ಇಲ್ಲದವರಿಗೆ ಚಾಲಕ ಸಮೇತ ಜೀಪುಗಳು ಊರಿನಲ್ಲೇ ಸಿಗುತ್ತವೆ.

ನಾವು ಹೊರಡುವ ದಿನ ಹುಡುಗ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕುಳಿತಿದ್ದ. ಅಕ್ಟೋಬರಿನಲ್ಲಿ ಸುಮಾರು 160 ಕಿ.ಮೀ. ಉದ್ದದ ವೈಟ್ ರಿಮ್ ಹಾದಿಗೆ ಹೋಗುವ ಆಸೆ. ಅಲ್ಲಿಗೆ ಮೊದಲೇ ಪರವಾನಗಿ ಪಡೆಯಬೇಕು, ಲೋ ರೇಂಜ್ ಇರುವ ಫೋರ್‌ವೀಲ್ ವಾಹನವೇ ಆಗಬೇಕು ಎಂಬುದು ಉದ್ಯಾನದ ನಿಯಮ. ಎಷ್ಟು ಜನ ಎಂಬ ಅಂಕಣದಲ್ಲಿ ಅವನು ಎರಡು ಎಂದು ಬರೆದಿದ್ದ. ಪಾತ್ರೆ ತೊಳೆಯುತ್ತಿದ್ದ ತಾಯಿ ಕೈ ಒರೆಸಿಕೊಂಡು ಬಂದು, ಅದನ್ನು ಹೊಡೆದುಹಾಕಿ ಮೂರು ಎಂದು ಬರೆದಳು.